ಚಳಿ ತಾಳುವ ಮರವಲ್ಲ, ಚಳಿ ಬೇಡುವ ಮರ

ಹಿಮಾಲಯದ ಜೂನಿಪರ್ ಗಟ್ಟಿ ಮರ, ಎಂಥ ಚಳಿಯನ್ನೂ ತಾಳಿಕೊಳ್ಳುತ್ತದೆ. ಆದ್ದರಿಂದ ರಸ್ತೆಗೆ ಅಡ್ಡ ಬಂದರೆ ಇಲ್ಲಿ ಕಡಿದು ಅಲ್ಲಿ ನೆಟ್ಟರಾಯಿತು. ಮರವನ್ನು ಬರೀ ಸಂಖ್ಯೆಯಾಗಿ ಕಾಣುವವರ ತರ್ಕ ಇದು. ಕೇಳಲು ಸರಳವಾಗಿದೆ, ಆದರೆ ಬುಡದಿಂದಲೇ ತಪ್ಪಾಗಿದೆ. ಚಳಿ ಈ ಮರದ ಪಾಲಿಗೆ ಕೇವಲ ಸಹಿಸಬೇಕಾದ ಕಷ್ಟವಲ್ಲ, ಅದು ಅದರ ಬದುಕಿನ ಅಗತ್ಯ. ಈ ವ್ಯತ್ಯಾಸವನ್ನು ಅರಿಯದವರ ಕೈಗೆ ಹಿಮಾಲಯವನ್ನು ಒಪ್ಪಿಸಿದರೆ ಏನಾದೀತೆಂಬುದನ್ನು ಮಲೆನಾಡಿನವರಾದ ನಾವು ಬೇಗನೆ ಊಹಿಸಬಲ್ಲೆವು.

ಅಂಗಳದಲ್ಲಿ ಅಲಂಕಾರಕ್ಕೆ ನೆಡುವ ತುಜಾ ಗಿಡದ ಕುಟುಂಬಕ್ಕೇ ಸೇರಿದ ಜೂನಿಪರ್ ಹಿಮಾಚಲದ ಲಾಹುಲ್‌ನಲ್ಲಿ, ಲದ್ದಾಖ್‌ನಲ್ಲಿ ಬಂಡೆಗಳ ಸಂದಿಯಲ್ಲಿ ಬೆಳೆಯುತ್ತದೆ. ಪೀರ್ ಪಂಜಾಲ್ ಪರ್ವತಸಾಲು ಮುಂಗಾರನ್ನು ತಡೆಯುವುದರಿಂದ ಲಾಹುಲ್‌ಗೆ ಮಳೆ ತೀರ ಕಡಿಮೆ. ಅಲ್ಲಿಯ ತೇವವೆಂದರೆ ಬಹುಪಾಲು ಚಳಿಗಾಲದ ಹಿಮವೇ. ಲದ್ದಾಖಿನ ಜನ ಈ ಮರವನ್ನು ಶುಕ್ಪಾ ಎನ್ನುತ್ತಾರೆ. ಹೆಮಿಸ್ ಶುಕ್ಪಾಚನ್ ಎಂಬ ಹಳ್ಳಿಗೆ ಹೆಸರು ಬಂದಿರುವುದೇ ಈ ಮರಗಳಿಂದ. ಅದರ ಎಲೆಯ ಧೂಪವಿಲ್ಲದೆ ಬೌದ್ಧ ಮನೆಗಳಲ್ಲಿ, ಮಠಗಳಲ್ಲಿ ಪೂಜೆ ಪೂರ್ಣವಾಗದು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ಲಾಹುಲಿನ ಜೂನಿಪರ್ ಮರಗಳಿಂದ 1,584 ವರ್ಷಗಳಷ್ಟು ಉದ್ದದ ಉಂಗುರಗಳ ದಾಖಲೆಯನ್ನು ಸಿದ್ಧಪಡಿಸಿ 2006ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಕದಂಬರು ಆಳುತ್ತಿದ್ದ ಕಾಲದ ಹವೆಯ ಗುರುತು ಈ ಮರಗಳ ಕಾಂಡದಲ್ಲಿ ಉಳಿದಿದೆ. ಇಂಥದ್ದನ್ನು ಕಡಿದು ಪರಿಹಾರವಾಗಿ ಒಂದು ಸಸಿ ಕೊಡುವುದೆಂದರೆ ಯಾವ ನ್ಯಾಯ?

ಮರದ ಅಗತ್ಯಗಳನ್ನೇ ಗಮನಿಸೋಣ. ಬೆಳೆದ ಜೂನಿಪರಿನ ಎಲೆಗಳು ಹಲ್ಲಿಯ ಮೈಯಂತೆ ಪೊರೆಪೊರೆಯಾಗಿ ರೆಂಬೆಗೆ ಅಂಟಿಕೊಂಡಿವೆ. ಮೇಲೆ ಮೇಣದ ಲೇಪವಿದೆ. ನೀರು ಸುಲಭವಾಗಿ ಆವಿಯಾಗದು. ಶರತ್ಕಾಲದಲ್ಲಿ ಹಗಲು ಕಿರಿದಾಗುತ್ತ, ಚಳಿ ದಿನದಿನಕ್ಕೆ ಏರುತ್ತ ಬಂದಾಗ ಅದರ ಜೀವಕೋಶಗಳು ಸಿದ್ಧತೆ ಮಾಡಿಕೊಳ್ಳುತ್ತವೆ. ಈ ಸಿದ್ಧತೆ ಮುಗಿದ ಮೇಲೆಯೇ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೀತವೂ ಅದನ್ನು ಕೊಲ್ಲಲಾರದು. ನಡುಚಳಿಗಾಲದಲ್ಲಿ ಅಕಾಲ ಸೆಕೆ ಬಂದು ಸಿದ್ಧತೆ ಸಡಿಲಿದರೆ, ಹಿಂದೆಯೇ ಬರುವ ಹಿಮಗಾಳಿಗೆ ಎಲೆ ಸುಟ್ಟುಹೋಗುತ್ತದೆ. ಗಾಳಿಯೂ ಒಣಗಿರಬೇಕು, ಬೇರಿನ ಬಳಿ ನೀರು ನಿಲ್ಲಬಾರದು. ಬೆಚ್ಚಗೆ ತೇವ ತುಂಬಿ ನಿಂತ ಗಾಳಿಯಲ್ಲಿ ಶಿಲೀಂಧ್ರ ತಗಲಿ ರೆಂಬೆಯ ತುದಿ ಒಣಗುತ್ತದೆ. ನಮ್ಮ ಆಷಾಢದ ಮಲೆನಾಡು ಅದಕ್ಕೆ ತವರಾಗಲಾರದು.

ಆದರೆ ಬೀಜದ ಮತ್ತು ಎಳೆಸಸಿಯ ಬೇಡಿಕೆ ಬೇರೆಯೇ. ಕಾಯಿ ಮಾಗಲು ಒಂದೂವರೆ ವರ್ಷದಷ್ಟು ಕಾಲ ಬೇಕು. ಮಾಗಿದರೂ ಹಲವು ಬೀಜಗಳು ಜೊಳ್ಳು. ಗಟ್ಟಿ ಬೀಜವೂ ತಿಂಗಳುಗಟ್ಟಲೆ ತಂಪಾದ ತೇವದಲ್ಲಿ ಮಲಗಿದ್ದಲ್ಲದೆ ಮೊಳೆಯದು. ಮೊಳೆತ ಸಸಿಗೆ ಹಿಮವೇ ಕಂಬಳಿ: ಹೊರಗೆ ಗಾಳಿ ಎಷ್ಟೇ ಕೊರೆಯಲಿ, ದಪ್ಪ ಹಿಮದಡಿ ನೆಲದ ಉಷ್ಣತೆ ಶೂನ್ಯದ ಆಸುಪಾಸಿನಲ್ಲಿರುತ್ತದೆ. ಹಿಮ ಬೀಳದಿದ್ದರೆ ಮಣ್ಣು ಕಲ್ಲಿನಂತೆ ಗಡ್ಡೆಗಟ್ಟಿ, ಬೇರು ನೀರೆಳೆಯಲಾಗದೆ, ಒಣಗಾಳಿಗೆ ಸಸಿ ಸಾಯುತ್ತದೆ. ವಸಂತದಲ್ಲಿ ನಿಧಾನವಾಗಿ ಕರಗುವ ಹಿಮವೇ ಅದಕ್ಕೆ ಕುಡಿಯುವ ನೀರು. ಪೊದೆಯ ಇಲ್ಲವೇ ಬಂಡೆಯ ನೆರಳೇ ಬೇಸಿಗೆಯ ಆಸರೆ. ಸಾವಿರ ವರ್ಷ ಬಾಳಬಲ್ಲ ಮರ ಶೈಶವದಲ್ಲಿ ಒಂದು ಒಣ ಬೇಸಿಗೆಗೆ ಅಳಿದುಹೋಗಬಹುದು.

ಈಗ ಹೇಳಿ, ಇಂಥ ಮರಕ್ಕೆ ಪರ್ಯಾಯ ನೆಡುವುದು ಸಾಧ್ಯವೆ? ನೆಡಬಹುದಾದದ್ದು ಸಸಿಯನ್ನು ಮಾತ್ರ. ಹಿಮವನ್ನು ಯಾರು ನೆಡುತ್ತಾರೆ? ಹಿಮಾಲಯ ಬಿಸಿಯಾಗುತ್ತಿದೆ, ಹಿಮ ಬೀಳಬೇಕಾದಲ್ಲಿ ಮಳೆ ಸುರಿಯುತ್ತಿದೆ, ಬಿದ್ದ ಹಿಮ ಬೇಗ ಕರಗುತ್ತಿದೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹುಲ್‌ಗೆ ವರ್ಷವಿಡೀ ವಾಹನಗಳ ದಾರಿಯಾಗಿದೆ. ಚಳಿಗಾಲದಲ್ಲಿ ಕಣಿವೆಯಲ್ಲಿ ಸಿಕ್ಕಿಬೀಳುತ್ತಿದ್ದ ರೋಗಿಗೆ, ವಿದ್ಯಾರ್ಥಿಗೆ ಅದು ಉಪಕಾರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ದಾರಿಯಲ್ಲೇ ಬರುವ ಕಟ್ಟಡಗಳಿಗೂ ಅಗಲೀಕರಣಕ್ಕೂ ಮಿತಿ ಹಾಕುವವರು ಯಾರು? 2016ರ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆ ಹೋದ ಕಾಡಿಗೆ ಹಣದ ಲೆಕ್ಕ ಕಟ್ಟುತ್ತದೆ. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿಯಂತೂ ಗಡಿಯಿಂದ 100 ಕಿ.ಮೀ. ಒಳಗಿನ, ರಕ್ಷಣಾ ಮಹತ್ವದ ರಸ್ತೆಯಂಥ ಯೋಜನೆಗಳನ್ನು ಆ ಕಾಯ್ದೆಯ ಹಿಡಿತದಿಂದಲೇ ಹೊರಗಿಟ್ಟಿದೆ. ಹೆಮಿಸ್ ಶುಕ್ಪಾಚನ್ ಆ ಅಳತೆಯೊಳಗೇ ಇದೆ.

ಊರವರೇ ಕಡಿಯುವುದಿಲ್ಲವೆ ಎಂದು ಕೇಳುವವರುಂಟು. ಹೌದು, ಒಲೆಗೂ ಧೂಪಕ್ಕೂ ಕಡಿದಿದ್ದಾರೆ. ಅದರಿಂದಲೂ ಮರ ನಶಿಸಿದೆ. ಅದಕ್ಕೆ ಉತ್ತರ ದೀರ್ಘ ಚಳಿಗಾಲಕ್ಕೆ ಬೇರೆ ಇಂಧನ ಒದಗಿಸುವುದು, ಧೂಪಕ್ಕೆ ಕೊಂಬೆ ಮುರಿದ ಮುದುಕಿಯ ಮೇಲೆ ಮೊಕದ್ದಮೆ ಹೂಡುವುದಲ್ಲ.

ಮಲೆನಾಡಿನವರಿಗೇಕೆ ಈ ಮಾತು ಎನ್ನಬೇಡಿ. ನಮ್ಮ ಸೊಪ್ಪಿನಬೆಟ್ಟವನ್ನೂ ಹುಲ್ಲುಗುಡ್ಡವನ್ನೂ ಪಾಳು ಎಂದು ಕರೆದು ಅಕೇಶಿಯಾ ತುಂಬಿದವರು ಬಳಸಿದ್ದೂ ಇದೇ ಲೆಕ್ಕವನ್ನು. 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ಯಾವ ನೆಲಕ್ಕೆ ಯಾವ ಮರ ಎಂಬುದನ್ನು ಆ ನೆಲದಲ್ಲಿ ಬಾಳುವವರೂ ನಿರ್ಧರಿಸಬೇಕೆಂಬುದೇ ಅಂದಿನ ಹಕ್ಕೊತ್ತಾಯವಾಗಿತ್ತು.

ಇಂದು ನಮ್ಮ ಒತ್ತಾಯ ಇಷ್ಟು. ನಿಂತ ಜೂನಿಪರನ್ನು ಯಾವ ಪರಿಹಾರದ ಹೆಸರಿನಲ್ಲೂ ಕಡಿಯಕೂಡದು. ತೋಡಿದ ಗುಂಡಿಗಳನ್ನಲ್ಲ, ಐದು ಚಳಿಗಾಲ ದಾಟಿ ಬದುಕಿದ ಸಸಿಗಳನ್ನು ಎಣಿಸಬೇಕು. ತಾನಾಗಿ ಮೊಳೆತ ಸಸಿಗಳಿರುವ ಇಳಿಜಾರನ್ನು ಊರಿನ ಒಪ್ಪಿಗೆಯಿಂದ ಮೇವು ಮತ್ತು ಕೊಡಲಿಯಿಂದ ಕಾಯಬೇಕು. ವಿದ್ಯಾರ್ಥಿಮಿತ್ರರಿಗೆ ಒಂದು ಕೆಲಸ: ಈ ಮಳೆಗಾಲ ಮುಗಿದೊಡನೆ ನಿಮ್ಮ ಊರಿನ ಕಾಡಿಗೆ ಹೋಗಿ, ದೊಡ್ಡ ಮರಗಳ ಕೆಳಗೆ ಅದೇ ಜಾತಿಯ ಎಳೆಸಸಿಗಳು ಎಷ್ಟಿವೆ, ಬೇಸಿಗೆಯ ಕೊನೆಗೆ ಎಷ್ಟು ಉಳಿದವು ಎಂದು ಬರೆದಿಡಿ. ಮರಿಯಿಲ್ಲದ ಕಾಡು ಎಷ್ಟೇ ಹಸುರಾಗಿ ಕಂಡರೂ ಮುಂದುವರಿಯದು. ಲಾಹುಲ್‌ನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನಮ್ಮ ಬೆಟ್ಟದಲ್ಲೂ ಕೇಳಲು ಆ ಲೆಕ್ಕ ನಮಗೆ ಬೇಕು.