ಸದ್ದು ತಗ್ಗಿಸಿದ ಕೋವಿ ಮತ್ತು ಮೊಮ್ಮಗನ ಕೈ

ಓದುಗ ಮಿತ್ರರಲ್ಲಿ ಕೆಲವರಿಗೆ ಈ ಶೀರ್ಷಿಕೆ ವಿಚಿತ್ರವೆನಿಸಬಹುದು. ಜೀವಮಾನವಿಡೀ ಸೀಮೆಸುಣ್ಣ ಹಿಡಿದ ಮೇಷ್ಟ್ರಿಗೆ ಕೋವಿಯ ಗೊಡವೆ ಏಕೆ ಎಂದು ನನ್ನ ಶ್ರೀಮತಿಯವರೂ ಕೇಳಿದರು. ಕಾರಣವಿದೆ. ಒಹಾಯೊದಲ್ಲಿರುವ ಮಗ ಕಳೆದ ವಾರ ಫೋನ್ ಮಾಡಿ, "ಅಪ್ಪ, ಪಕ್ಕದ ಮನೆಯವರು ಹುಡುಗನಿಗೆ ಗುಂಡು ಎರಕ ಹೊಯ್ಯುವುದನ್ನು ಕಲಿಸುತ್ತೇನೆ ಅನ್ನುತ್ತಿದ್ದಾರೆ. ಕಳಿಸಲೋ ಬೇಡವೋ? ನೀವು ನೋಡಿದ್ದೀರಲ್ಲ, ಹೇಳಿ" ಎಂದ. ಹುಡುಗನಿಗೆ ಹನ್ನೆರಡು ವರ್ಷ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವೆನಿಸಿ ಬರೆಯಲು ಕುಳಿತೆ.

ನಾನು ನೋಡಿದ್ದು ನಿಜ. 2023ರ ಬೇಸಗೆಯಲ್ಲಿ ಮಗನ ಮನೆಯಲ್ಲಿದ್ದಾಗ ಆ ನೆರೆಮನೆಯ ಹಿರಿಯರ ಗ್ಯಾರೇಜಿನಲ್ಲಿ ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಅವರೂ ನಿವೃತ್ತರು, ಮಿತಭಾಷಿ. ಅವರ ಬಳಿ 45-70 ಎಂಬ ತೋಟೆಯ ಹಳೆಯ ಮಾದರಿಯ ರೈಫಲ್ ಇದೆ. 1873ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದ ತೋಟೆಯಿದು. ಅಂಗುಲದ ನೂರರಲ್ಲಿ 45 ಭಾಗದಷ್ಟು ದಪ್ಪದ ಗುಂಡು, 70 ಗ್ರೇನ್ ಕರಿಮದ್ದು, ಆದ್ದರಿಂದ ಆ ಹೆಸರು. ಇಂಥ ನೇರ ಗೋಡೆಯ ತೋಟೆಗಳ ರೈಫಲ್‌ಗಳಿಗೆ ಒಹಾಯೊದಲ್ಲಿ ಜಿಂಕೆ ಬೇಟೆಗೆ 2014ರಿಂದ ಅನುಮತಿ ದೊರೆತ ಮೇಲೆ ಅಲ್ಲಿ ಇದಕ್ಕೆ ಮತ್ತೆ ಬೆಲೆ ಬಂದಿದೆಯಂತೆ. ಇವರು ಬೇಟೆಯಾಡುವವರಲ್ಲ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಜೇನುಮೇಣ ಬೆರೆಸಿದ ಜಿಡ್ಡನ್ನು ಗುಂಡಿನ ಗೀರುಗಳಿಗೆ ತುಂಬಿ, ಸದ್ದು ಕಡಿಮೆಯಾಗುವಂತೆ ಅಲ್ಪ ಮದ್ದಿನ ತೋಟೆಗಳನ್ನು ತಾವೇ ಕಟ್ಟಿ, ಕಾಗದದ ಗುರಿಗೆ ಹೊಡೆಯುವುದು ಅವರ ಹವ್ಯಾಸ.

ಅಲ್ಪ ಮದ್ದು ಏಕೆಂಬುದು ಒಂಬತ್ತನೆಯ ತರಗತಿಯ ಪಾಠ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋದರೆ ತನ್ನ ದಾರಿಯುದ್ದಕ್ಕೂ ಚಾಟಿ ಬೀಸಿದಂಥ ಸಿಡಿತವನ್ನು ಎಳೆದುಕೊಂಡು ಹೋಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದಕ್ಕಿಂತ ಕೆಳಗಿದ್ದರೆ ಆ ಸಿಡಿತ ಇಲ್ಲ. ನಳಿಗೆಯ ಬಾಯಿಂದ ಹೊಮ್ಮುವ ಅನಿಲದ ಸದ್ದು ಮಾತ್ರ ಉಳಿಯುತ್ತದೆ, ಅದೂ ಮದ್ದು ಕಡಿಮೆಯಾದಷ್ಟೂ ತಗ್ಗುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಉಸಿರು ಬಿಟ್ಟಷ್ಟು ಸದ್ದಲ್ಲ, ಆದರೆ ನೆರೆಮನೆಯ ಕೂಸು ಬೆಚ್ಚಿಬೀಳದಷ್ಟು.

ದೊಡ್ಡ ಬಾಯಿಯ ರೈಫಲ್ಲೇ ಏಕೆಂದು ನಾನು ಕೇಳಿದೆ. ಅವರು ನನ್ನತ್ತಲೇ ನೋಡಿ, "ಸರ್, ನೀವು ಭೌತಶಾಸ್ತ್ರದವರು, ನೀವೇ ಹೇಳಿ" ಎಂದರು. ಕಾಗದದ ಮೇಲೆ ಲೆಕ್ಕ ಹಾಕಿದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತ. ವೇಗ ಅರ್ಧವಾದರೆ ಶಕ್ತಿ ಕಾಲುಭಾಗ. ಶಬ್ದದ ಗಡಿಯನ್ನು ದಾಟಬಾರದೆಂದ ಮೇಲೆ ಹೆಚ್ಚಿಸಲು ಉಳಿಯುವುದು ದ್ರವ್ಯರಾಶಿ ಮಾತ್ರ. 320 ಮೀಟರ್ ವೇಗದ 26 ಗ್ರಾಂ ಗುಂಡಿನಲ್ಲಿ ಸುಮಾರು 1,330 ಜೂಲ್; ಅದೇ ವೇಗದ, ಪುಟ್ಟ ಪಾಯಿಂಟ್ ಟೂ ಟೂ ರೈಫಲ್ಲಿನ 2.6 ಗ್ರಾಂ ಗುಂಡಿನಲ್ಲಿ ಅದರ ಹತ್ತನೆಯ ಒಂದು ಪಾಲು. ಬರಿಯ ಸೀಸದ ಎರಕಕ್ಕೂ ನಿಧಾನವೇ ಹಿತ. ವೇಗ ಮಿತಿಮೀರಿದರೆ ಮೆದು ಲೋಹ ಉಜ್ಜಿಹೋಗಿ ನಳಿಗೆಯ ಒಳಗೆ ಮೆತ್ತಿಕೊಳ್ಳುತ್ತದೆ.

ಇನ್ನೊಂದು ಸ್ವಾರಸ್ಯ. ಬೇಸಗೆಯಲ್ಲಿ 335 ಮೀಟರ್ ವೇಗದ ತೋಟೆ ಸಿಡಿತವಿಲ್ಲದೆ ಹೋಗುತ್ತದೆ. ಅದೇ ತೋಟೆ, ಅದೇ ವೇಗದಲ್ಲಿ, ಚಳಿಗಾಲದಲ್ಲಿ ಚಟೀರೆನ್ನುತ್ತದೆ! ಸೊನ್ನೆ ಡಿಗ್ರಿಗೆ ಶಬ್ದದ ವೇಗವೇ 331ಕ್ಕೆ ಇಳಿದಿರುತ್ತದಲ್ಲ. ಎಷ್ಟೋ ವರ್ಷ ಶ್ರುತಿಕವೆ ಹಿಡಿದು ಪಾಠ ಮಾಡಿದ ನನಗೆ ಈ ಉದಾಹರಣೆ ಒಮ್ಮೆಯೂ ಹೊಳೆದಿರಲಿಲ್ಲ.

ಆ ಗ್ಯಾರೇಜಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಮೂಲೆಯಲ್ಲಿದ್ದ ಒಂದು ಡಬ್ಬ. ಹಳೆಯ ಮುದ್ರಣಾಲಯದ ಲೋಹ, ಗುಂಡು ಹೊಯ್ಯುವವರಿಗೆ ಬಲು ಪ್ರಿಯವಾದದ್ದು, ಎಂದರು. ಲೈನೊಟೈಪ್ ಲೋಹದಲ್ಲಿ ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. ಆಂಟಿಮನಿ ಗಡಸು ಕೊಡುತ್ತದೆ, ತವರ ಅಚ್ಚಿನ ಮೂಲೆ ಮೂಲೆಗೂ ಲೋಹ ಹರಿಯುವಂತೆ ಮಾಡುತ್ತದೆ. ನಮ್ಮೂರಿನ ಪ್ರೆಸ್ಸಿನಲ್ಲಿ ಮದುವೆಯ ಕರೆಯೋಲೆಗೆ ಒಂದೊಂದೇ ಮೊಳೆ ಜೋಡಿಸುತ್ತಿದ್ದ ಕಂಪೋಜಿಟರ್‌ನ ಕಪ್ಪು ಬೆರಳುಗಳು ಕಣ್ಣಮುಂದೆ ಬಂದವು. ಅಕ್ಷರವಾಗಿದ್ದ ಲೋಹ ಇಲ್ಲಿ ಗುಂಡಾಗುತ್ತಿದೆ ಎಂದು ಮನಸ್ಸಿಗೆ ಪಿಚ್ಚೆನಿಸಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅಕ್ಷರವೆಲ್ಲ ಪುಣ್ಯ, ಗುಂಡೆಲ್ಲ ಪಾಪ ಎಂಬ ಸುಲಭದ ತೀರ್ಮಾನ ನನ್ನದಲ್ಲ.

ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಈ ಹವ್ಯಾಸವನ್ನು ಸೌಮ್ಯವಾದದ್ದು, ನಿರಪಾಯಕಾರಿ ಎಂದು ಮಗ ಭಾವಿಸಿದ್ದಾನೆ. ಸದ್ದು ಕಡಿಮೆ, ಮದ್ದು ಕಡಿಮೆ, ಆದ್ದರಿಂದ ಅಪಾಯವೂ ಕಡಿಮೆ ಎಂಬುದು ಅವನ ತರ್ಕ. ತರ್ಕ ತಪ್ಪು. ಆ ತೋಟೆ ಹುಟ್ಟಿದ್ದು ಹೊಟ್ಟೆತುಂಬ ಕರಿಮದ್ದು ಹಿಡಿಯಲೆಂದು. ಇಂದಿನ ತೀಕ್ಷ್ಣ ಮದ್ದನ್ನು ಅಲ್ಪವಾಗಿ ಹಾಕಿದರೆ ಅದು ತಳದಲ್ಲೆಲ್ಲೋ ಕುಳಿತಿರುತ್ತದೆ. ಮರೆತು ಎರಡನೆಯ ಸಲ ಹಾಕಿದರೂ ತುಂಬಿ ಚೆಲ್ಲುವುದಿಲ್ಲ. ಕಣ್ಣಿಗೆ ಬೀಳದ ಆ ಇಮ್ಮಡಿ ಮದ್ದು ರೈಫಲ್ಲನ್ನೇ ಸೀಳಬಲ್ಲದು. ಇನ್ನೊಂದು ಬದಿಯಲ್ಲಿ, ಮದ್ದು ತೀರಾ ಕಡಿಮೆಯಾದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಅದನ್ನರಿಯದೆ ಮುಂದಿನ ಈಡು ಹೊಡೆದರೂ ಅದೇ ಗತಿ.

ಇದು ನನಗೆ ಪುಸ್ತಕದ ಜ್ಞಾನವಲ್ಲ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಪರವಾನಗಿಯ ಕೇಪಿನ ಕೋವಿಯೊಂದಿತ್ತು. ಗದ್ದೆಗೆ ಹಂದಿ, ತೋಟಕ್ಕೆ ಮಂಗ. ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿದ ಮೇಲೆ ಗಜ ಎಷ್ಟು ಬೆರಳು ಹೊರಗುಳಿಯಿತೆಂದು ಅಳೆಯುವುದು ವಾಡಿಕೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಚಿಕ್ಕಪ್ಪ ಮದ್ದು ಸುರಿದಿದ್ದರಷ್ಟೆ; ಒಳಗಿನಿಂದ ಕಾಫಿಗೆ ಕರೆದರು. ಕುಡಿದು ಬಂದು ಮತ್ತೆ ಸುರಿದರು. ಅಂದು ಗಜವನ್ನು ಅಳೆಯಲಿಲ್ಲ. ರಾತ್ರಿ ಗದ್ದೆಯ ಕಡೆಯಿಂದ ಬಂದ ಸದ್ದು ಎಂದಿನಂತಿರಲಿಲ್ಲ ಎಂಬುದು ನೆನಪಿದೆ. ಎಡಗೈಯ ಎರಡು ಬೆರಳುಗಳು ಹೋದವು. ಕಾಫಿಗೆ ಕರೆದವನು ನಾನು. ಚಿಕ್ಕಪ್ಪ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಅದಕ್ಕೇ ನಾನು ಮರೆಯಲಾಗಿಲ್ಲ.

ಒಹಾಯೊದ ಹಿರಿಯರು ಎಲ್ಲ ತೋಟೆಗಳನ್ನೂ ಮರದ ಹಲಗೆಯ ಕುಳಿಗಳಲ್ಲಿ ಬಾಯಿ ಮೇಲಾಗಿ ನಿಲ್ಲಿಸಿ, ಮದ್ದು ಹಾಕಿಯಾದ ಮೇಲೆ ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕುತ್ತಿದ್ದರು. ಆ ಹೊತ್ತಿನಲ್ಲಿ ನಾನು ಮಾತನಾಡಿದರೆ ಉತ್ತರವಿಲ್ಲ. ಮೊದಲು ಅದನ್ನು ಬಿಗುಮಾನವೆಂದುಕೊಂಡಿದ್ದೆ. ಅವರ ಬಗ್ಗೆ ನನಗೆ ಗೌರವ ಮೂಡಿದ್ದೇ ಅದರಿಂದ.

ಸದ್ದಿನ ಬಗ್ಗೆಯೂ ನನ್ನದೊಂದು ತಕರಾರಿದೆ. ಕಿವಿಗೂ ನೆರೆಹೊರೆಗೂ ಒಳಿತೆಂದು ಗುರಿಯ ಮೈದಾನದಲ್ಲಿ ಸದ್ದು ತಗ್ಗಿಸುವುದು ಸರಿ. ಬೇಟೆಯ ಕಾಡಿನಲ್ಲಿ ಅದನ್ನು ಸಜ್ಜನಿಕೆಯೆಂದು ಹೊಗಳುವುದನ್ನು ನಾನೊಪ್ಪೆ. ನಿಧಾನದ ಗುಂಡು ನೂರು ಮೀಟರಿಗೆ ಅರ್ಧ ಮೀಟರ್, ಇನ್ನೂರಕ್ಕೆ ಎರಡು ಮೀಟರಿನಷ್ಟು ಕೆಳಗಿಳಿಯುತ್ತದೆ. ದೂರದ ಅಂದಾಜು ಸ್ವಲ್ಪ ತಪ್ಪಿದರೆ ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ. ಇನ್ನು ನಮ್ಮ ಮಲೆನಾಡಿನಲ್ಲಿ ಈಡಿನ ಸದ್ದು ಊರಿಗೆ ಒಂದು ಸುದ್ದಿ. ಯಾರ ಮನೆಯ ಕೋವಿ, ಯಾವ ದಿಕ್ಕು ಎಂದು ಜಗಲಿಯಲ್ಲಿ ಕುಳಿತವರು ಹೇಳುತ್ತಿದ್ದರು. ಅರಣ್ಯದ ಕಾವಲುಗಾರನಿಗೂ ಕಳ್ಳಬೇಟೆಯ ಸುಳಿವು ಕೊಡುವುದು ಆ ಸದ್ದೇ. ಅದಿಲ್ಲವಾದರೆ ಲಾಭ ಯಾರಿಗೆಂದು ಯೋಚಿಸಬೇಕು. (ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ನಮ್ಮ ದೇಶದಲ್ಲಿ ಅಪರಾಧ, ಓದಿದವರು ಯಾರೂ ಪ್ರಯೋಗಕ್ಕಿಳಿಯದಿರಲಿ.)

ಕೊನೆಯದಾಗಿ ಸೀಸ. ಅದು 327 ಡಿಗ್ರಿಗೆ ಕರಗುತ್ತದೆ. ಆ ಶಾಖಕ್ಕೆ ಸೀಸದ ಆವಿ ಅತ್ಯಲ್ಪ. ಅಪಾಯ ಹೆಚ್ಚಾಗಿ ಇರುವುದು ಮೇಲೆ ಕಟ್ಟುವ ಕಿಟ್ಟದ ಧೂಳಿನಲ್ಲಿ, ತೊಳೆಯದ ಕೈಯಲ್ಲಿ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟವೇ ಗೊತ್ತಾಗಿಲ್ಲ. ಬೆಳೆಯುವ ಮಿದುಳಿಗೆ ಅದು ಶತ್ರು. ಇಡೀ ದೇಶವೇ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದದ್ದು ಸುಮ್ಮನಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದ್ದಾರೆ, ಗುಂಡಿನ ಚೂರು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದವೆಂದು. ಹದ್ದಿಗೆ ತೋರಿದ ಕಾಳಜಿಯನ್ನು ಮೊಮ್ಮಗನಿಗೂ ತೋರೋಣ.

ಹಾಗಾಗಿ ಮಗನಿಗೆ ಬರೆದದ್ದು ಇಷ್ಟು: ಸೀಸದ ಪಾತ್ರೆಯ ಬಳಿಗೆ ಹದಿನೆಂಟು ತುಂಬುವವರೆಗೆ ಬೇಡ, ಸೀಸ ಮುಟ್ಟುವ ಯಾವ ಕೆಲಸವೂ ಬೇಡ. ಗುರಿಯ ಮೈದಾನಕ್ಕೆ ಕರೆದೊಯ್ಯಲಿ, ಕಿವಿ ಮುಚ್ಚಿಕೊಂಡು ನಿಲ್ಲಲಿ, ಗುಂಡು ಎಷ್ಟು ಇಳಿಯಿತೆಂದು ಅಳೆದು ಲೆಕ್ಕ ಬರೆಯಲಿ. ಟಾರ್ಚ್ ಹಿಡಿದು ಇಣುಕುವ ಆ ಹೊತ್ತಿನಲ್ಲಿ ಹಿರಿಯರನ್ನು ಯಾರೂ ಮಾತನಾಡಿಸಬಾರದೆಂದು ಮೊದಲು ಕಲಿಸು. ಚಿಕ್ಕಜ್ಜನ ಬೆರಳಿನ ಕಥೆಯನ್ನು ನಾನೇ ಅವನಿಗೆ ಹೇಳುತ್ತೇನೆ, ಕಾಫಿಗೆ ಕರೆದವನು ಯಾರೆಂಬುದನ್ನೂ ಸೇರಿಸಿ.