ಆಟ ಕಲಿಸುವವರ ಕಲಿಕೆ

ಕಲ್ಲುಗುಂಡಿಯ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದು ಒಂದು ವಿಚಾರವನ್ನು ಕೇಳಿರುವರು. ತಮ್ಮ ಮಕ್ಕಳು ಹೋಗುವ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಟವನ್ನು ಆರಂಭಿಸಬೇಕೆಂದು ಪೋಷಕರು ನಿಶ್ಚಯಿಸಿರುವರಂತೆ. ಕಂಬ, ಹಲಗೆ, ಕಬ್ಬಿಣದ ಬಳೆ, ಕಾಂಕ್ರೀಟಿನ ನೆಲ ಇವುಗಳಿಗೆ ತಗಲುವ ವೆಚ್ಚದ ಪಟ್ಟಿ ಸಿದ್ಧವಾಗಿದೆ. ಚಂದಾ ಎತ್ತುವುದೂ ಮೊದಲಾಗಿದೆ. ಪಟ್ಟಿಯ ಒಂದು ಪ್ರತಿಯನ್ನು ಅವರು ಪತ್ರದೊಡನೆ ಇಟ್ಟು, ಇದು ಸರಿಯೇ ಎಂದು ನಮ್ಮ ಅಭಿಪ್ರಾಯವನ್ನು ಬಯಸಿದ್ದಾರೆ. ನಾವು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆವು. ಉದ್ಘಾಟನೆಯ ದಿನದ ಚಪ್ಪರಕ್ಕೂ ಫಲಾಹಾರಕ್ಕೂ ಅದರಲ್ಲಿ ಸ್ಥಳವಿದೆ. ಆಟವನ್ನು ಕಲಿಸತಕ್ಕ ಉಪಾಧ್ಯಾಯರ ಹೆಸರಿನಲ್ಲಿ ಮಾತ್ರ ಒಂದು ಕಾಸೂ ಇಲ್ಲ.

ಇದು ಆ ಊರೊಂದರ ಮಾತಲ್ಲ. ನಮ್ಮ ಜಿಲ್ಲೆಯಲ್ಲಿ ಮಗನನ್ನು ಚೆಂಡೆ ಕಲಿಯಲು ಕಳುಹಿಸುವ ತಂದೆಯು, ಗುರುಗಳು ಯಾರಲ್ಲಿ ಕಲಿತವರು, ಯಾವ ಮೇಳದಲ್ಲಿ ಎಷ್ಟು ವರ್ಷ ತಿರುಗಿದವರು ಎಂದು ವಿಚಾರಿಸದೆ ಇರನು. ಸಂಗೀತದ ಮಾತೂ ಹಾಗೆಯೇ. ಆದರೆ ಮಗುವಿನ ಮೊಣಕಾಲು, ಬೆನ್ನು, ಉಸಿರುಗಳನ್ನು ದಿನವೂ ಒಂದು ಗಂಟೆ ಯಾರ ಕೈಗೆ ಒಪ್ಪಿಸುವೆವೋ ಆ ಡ್ರಿಲ್ ಮಾಸ್ತರರನ್ನು ನಾವು ಈ ಪ್ರಶ್ನೆ ಕೇಳುವುದಿಲ್ಲ. ಒಂದು ಸೀಟಿಯೂ ಒಂದು ಚೆಂಡೂ ಇದ್ದರೆ ಸಾಕೆಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ.

ವಿಚಿತ್ರವೇನೆಂದರೆ, ಈ ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಕಲಿಸುವವರನ್ನು ತಯಾರಿಸುವ ಒಂದು ಶಾಲೆಯಲ್ಲಿ. ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯವರು ತಮ್ಮ ಕಾರ್ಯದರ್ಶಿಗಳಿಗೂ ವ್ಯಾಯಾಮ ಶಿಕ್ಷಕರಿಗೂ ತರಬೇತು ಕೊಡುವ ಪಾಠಶಾಲೆಯೊಂದನ್ನು ನಡೆಸುತ್ತಿದ್ದರು. 1891ರ ಚಳಿಗಾಲದಲ್ಲಿ ಅಲ್ಲಿನ ಹದಿನೆಂಟು ಮಂದಿ ಪ್ರಾಯದ ವಿದ್ಯಾರ್ಥಿಗಳ ತರಗತಿಯೊಂದು ಕವಾಯತಿನಿಂದ ಬೇಸತ್ತು ಯಾರ ಮಾತಿಗೂ ಬಗ್ಗದಾಗಿತ್ತು. ಅದಕ್ಕೆ ಮೊದಲು ಇಬ್ಬರು ಉಪಾಧ್ಯಾಯರು ಸೋತು ಕೈಬಿಟ್ಟಿದ್ದರು. ಆಗ ಮುಖ್ಯಸ್ಥರಾದ ಲೂಥರ್ ಗುಲಿಕ್ ಎಂಬವರು, ಕೆನಡಾ ದೇಶದಿಂದ ಬಂದ ಜೇಮ್ಸ್ ನೈಸ್ಮಿತ್ ಎಂಬ ಮೂವತ್ತು ವರ್ಷದ ಉಪಾಧ್ಯಾಯರಿಗೆ ಆ ತರಗತಿಯನ್ನು ಒಪ್ಪಿಸಿ, ಒಳಾಂಗಣದಲ್ಲಿ ಆಡತಕ್ಕ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ಕಂಡುಹಿಡಿಯಬೇಕೆಂದು ಹೇಳಿದರು. ನೈಸ್ಮಿತ್ತರು ಮೊದಲು ಹಳೆಯ ಆಟಗಳನ್ನೇ ಒಳಗೆ ಆಡಿಸಿ ನೋಡಿದರು, ಯಾವುದೂ ಹೊಂದಲಿಲ್ಲ. ಕೊನೆಗೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಿನ ಮೊಗಸಾಲೆಯ ಕಟಾಂಜನಕ್ಕೆ ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಆ ಕಟಾಂಜನವು ನೆಲದಿಂದ ಹತ್ತು ಅಡಿ ಎತ್ತರದಲ್ಲಿದ್ದಿತು. ಇಂದಿಗೂ ಬಳೆಯ ಎತ್ತರ ಅಷ್ಟೇ.

ನಮ್ಮ ಹಳ್ಳಿಗಳ ಬಯಲಿನಲ್ಲಿ ಬಲೆ ಕಟ್ಟಿ ಆಡುವ ವಾಲಿಬಾಲ್ ಕೂಡ ಇದೇ ಶಾಲೆಯ ಸಂತಾನ. ಅಲ್ಲಿ ಕಲಿತ ವಿಲಿಯಂ ಮಾರ್ಗನ್ ಎಂಬವರು, ಬಾಸ್ಕೆಟ್‌ಬಾಲಿನ ಓಟವನ್ನು ತಾಳಲಾರದ ನಡುಪ್ರಾಯದವರಿಗಾಗಿ 1895ರಲ್ಲಿ ಅದನ್ನು ಕಲ್ಪಿಸಿದರು. ಸ್ಪ್ರಿಂಗ್‌ಫೀಲ್ಡಿಗೆ ಸಮೀಪದ ಸ್ಮಿತ್ ಕಾಲೇಜಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ಸೆಂಡಾ ಬೆರೆನ್ಸನ್ ಎಂಬ ಮಹಿಳೆಯು ಹೊಸ ಆಟದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಅದನ್ನು ಹುಡುಗಿಯರಿಗೆ ಹೊಂದುವಂತೆ ತಿದ್ದಿ, 1893ರಲ್ಲಿ ತನ್ನ ವಿದ್ಯಾರ್ಥಿನಿಯರಿಂದ ಪಂದ್ಯವನ್ನೇ ಆಡಿಸಿದಳು. ಅದೇ ಸ್ಪ್ರಿಂಗ್‌ಫೀಲ್ಡಿನ ವಿದ್ಯಾರ್ಥಿ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಪಾಠಶಾಲೆಯನ್ನು ಸ್ಥಾಪಿಸಿದರು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತಷ್ಟೆ. ಹೀಗೆ ಈ ಆಟಗಳು ನಮ್ಮ ದೇಶದ ಶಾಲೆಗಳಲ್ಲಿ ನೆಲೆಗೊಂಡುದು ಚೆಂಡಿನ ವ್ಯಾಪಾರಿಗಳಿಂದಲ್ಲ, ಕಲಿತು ಬಂದ ಉಪಾಧ್ಯಾಯರಿಂದ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು. ಆಟವನ್ನು ಸೃಷ್ಟಿಸಿದ ನೈಸ್ಮಿತ್ತರು ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ಶಿಕ್ಷಕರಾದರು. ಅವರ ಕಾಲದಲ್ಲಿ ಆ ತಂಡವು ಗೆದ್ದ ಪಂದ್ಯಗಳು 55, ಸೋತವು 60. ಆಟವನ್ನು ಆಡಬೇಕೇ ಹೊರತು ಹೇಳಿಕೊಡುವಂಥದೇನೂ ಅದರಲ್ಲಿಲ್ಲವೆಂದು ಅವರು ನಂಬಿದ್ದರು. ಅವರ ಶಿಷ್ಯರಾದ ಫಾಗ್ ಅಲೆನ್ ಎಂಬವರು ಈ ಮಾತನ್ನು ಒಪ್ಪಲಿಲ್ಲ. ಹೇಳಿಕೊಡುವುದೇ ಒಂದು ವಿದ್ಯೆಯೆಂದು ಹಟ ಹಿಡಿದು, ಅದೇ ವಿಶ್ವವಿದ್ಯಾಲಯದಲ್ಲಿ ಮೂವತ್ತೊಂಬತ್ತು ವರ್ಷ ತಂಡಗಳನ್ನು ತಯಾರಿಸಿದರು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡುವುದನ್ನು ನಿಯಮ ಸಮಿತಿಯು 1927ರಲ್ಲಿ ಬಹುಮಟ್ಟಿಗೆ ನಿಲ್ಲಿಸಹೊರಟಾಗ, ಅಲೆನ್ನರು ಶಿಕ್ಷಕರನ್ನು ಒಟ್ಟುಗೂಡಿಸಿ ಸಂಘ ಕಟ್ಟಿ ಅದನ್ನು ತಡೆದರು. ಗುರುವು ಕಲ್ಪಿಸಿದ ಆಟವನ್ನು ಕಲಿಸುವ ದಾರಿಯನ್ನು ತೋರಿಸಿದವನು ಶಿಷ್ಯನೇ ಎಂದಾಯಿತು. ಆಡಬಲ್ಲವನೆಲ್ಲ ಕಲಿಸಬಲ್ಲನೆಂದು ತಿಳಿಯುವವರು ಈ ಎರಡು ಹೆಸರುಗಳನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ಒಮ್ಮೆ ಕಲಿತರೆ ಸಾಲದೇ ಎಂದು ಕೇಳುವವರುಂಟು. ಸಾಲದು. 2000ನೆಯ ಇಸವಿಯವರೆಗೆ ಅಂತರರಾಷ್ಟ್ರೀಯ ನಿಯಮದಂತೆ ಪಂದ್ಯಕ್ಕೆ ಇಪ್ಪತ್ತು ನಿಮಿಷಗಳ ಎರಡು ಭಾಗಗಳಿದ್ದುವು. ಈಗ ಹತ್ತು ನಿಮಿಷಗಳ ನಾಲ್ಕು. ಬುಟ್ಟಿಗೆ ಚೆಂಡೆಸೆಯಲು ತಂಡಕ್ಕಿದ್ದ ಮೂವತ್ತು ಸೆಕೆಂಡುಗಳು ಇಪ್ಪತ್ತನಾಲ್ಕಾದುವು. ಮೂರು ಅಂಕಗಳ ಗೆರೆಯು 2010ರಲ್ಲಿ 6.25 ಮೀಟರಿನಿಂದ 6.75 ಮೀಟರಿಗೆ ಸರಿಯಿತು. ಓಡುತ್ತಲೇ ಚೆಂಡನ್ನು ಹಿಡಿದವರ ಹೆಜ್ಜೆಗಳನ್ನು ಎಣಿಸುವ ಕ್ರಮವೇ 2017ರಲ್ಲಿ ಬದಲಾಯಿತು: ಚೆಂಡು ಕೈಗೆ ಸಿಕ್ಕಾಗ ನೆಲದ ಮೇಲಿದ್ದ ಪಾದವನ್ನು ಈಗ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅನಂತರದ ಎರಡು ಹೆಜ್ಜೆಗಳು ಸಲ್ಲುತ್ತವೆ. ಇದನ್ನರಿಯದ ಮಾಸ್ತರರು ಸರಿಯಾಗಿ ಆಡಿದ ಹುಡುಗನನ್ನೇ ತಪ್ಪಿತಸ್ಥನೆಂದು ನಿಲ್ಲಿಸುವರು. ಅವನು ಸುಳ್ಯದ ಆಚೆ ಎಲ್ಲಿಯೋ ಪಂದ್ಯಕ್ಕೆ ಹೋದಾಗ ಉಳಿದವರು ಇಡುವ ಹೆಜ್ಜೆಯನ್ನು ಕಂಡು ಬೆರಗಾಗುವನು.

ನಿಯಮಗಳ ಮಾತು ಹಾಗಿರಲಿ. ಮನೆಯವರಿಗೆ ಮುಖ್ಯವಾದುದು ಮಕ್ಕಳ ದೇಹ. ಆಡುವಾಗ ನೀರು ಕುಡಿಯಬಾರದೆಂದು ಹಿಂದಿನ ಮಾಸ್ತರರು ಗದರಿಸುತ್ತಿದ್ದುದನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಬಾಯಾರಿದ ಮಗುವಿಗೆ ನೀರನ್ನು ತಡೆಯುವುದು ಅಪಾಯವೆಂಬುದು ಈಗ ಸಂದೇಹವಿಲ್ಲದ ಮಾತು. ಏಪ್ರಿಲ್ ತಿಂಗಳಿನ ನಮ್ಮ ಕಡೆಯ ಬೆವರಿನಲ್ಲಂತೂ ಹೇಳಬೇಕಾದುದೇ ಇಲ್ಲ. ಮೊಣಕಾಲಿನ ವಿಷಯ ಇನ್ನೂ ಗಹನವಾದುದು. ನೆಗೆದು ಇಳಿಯುವ, ಥಟ್ಟನೆ ತಿರುಗುವ ಆಟಗಳಲ್ಲಿ ಮೊಣಕಾಲಿನ ಒಳಗಿನ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಾಲು ಹೆಚ್ಚು. ಎರಡು ಕಾಲುಗಳ ಮೇಲೆ, ಮೊಣಕಾಲನ್ನು ಮಡಿಸಿ, ಅದು ಒಳಕ್ಕೆ ವಾಲದಂತೆ ಇಳಿಯುವುದನ್ನು ಆಟಕ್ಕೆ ಮೊದಲು ಹತ್ತು ಹದಿನೈದು ನಿಮಿಷ ಅಭ್ಯಾಸ ಮಾಡಿಸಿದರೆ ಈ ಅಪಾಯವು ಬಹಳಮಟ್ಟಿಗೆ ತಗ್ಗುವುದೆಂದು ಹಲವು ದೇಶಗಳ ವೈದ್ಯರು ಕಂಡುಕೊಂಡಿರುವರು. ಇದಕ್ಕೆ ಯಂತ್ರ ಬೇಡ, ಔಷಧ ಬೇಡ; ತಿಳಿದ ಮಾಸ್ತರರು ಬೇಕು. ಒಮ್ಮೆ ಆ ಕಟ್ಟು ಹರಿದರೆ ಶಸ್ತ್ರಚಿಕಿತ್ಸೆಯೂ ತಿಂಗಳುಗಟ್ಟಲೆಯ ವಿಶ್ರಾಂತಿಯೂ ಬೇಕಾಗುವುದುಂಟು. ಆಮೇಲೆ ಆ ಹುಡುಗಿಯನ್ನು ಮನೆಯವರು ಅಂಗಳಕ್ಕೆ ಇಳಿಯಗೊಡುವರೇ?

ಹಾಗಾದರೆ ಮಾಸ್ತರರು ಕಲಿಯತಕ್ಕುದೆಲ್ಲಿ? ವ್ಯಾಯಾಮ ಶಿಕ್ಷಣದ ಪದವಿಯು ಎರಡು ವರ್ಷಗಳ ಓದು. ಅದರಲ್ಲಿ ಆಟಗಳು ಬಹಳ, ಒಂದೊಂದಕ್ಕೆ ದೊರೆಯುವ ಹೊತ್ತು ಕಡಿಮೆ. ಬಾಸ್ಕೆಟ್‌ಬಾಲಿನ ಪರಿಚಯವಾಗುವುದೇ ಹೊರತು ಪಳಗುವಷ್ಟು ಅವಕಾಶವಿಲ್ಲ. ಆಟವೊಂದನ್ನೇ ಹಿಡಿದು ಕಲಿಯುವವರಿಗಾಗಿ 1961ರಲ್ಲಿ ಪಾಟಿಯಾಲಾ ಅರಸರ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ತೆರೆಯಲ್ಪಟ್ಟಿತು. ಮುಂದೆ ಅದಕ್ಕೆ ನೇತಾಜಿ ಸುಭಾಷರ ಹೆಸರನ್ನಿಟ್ಟರು. ಅದರ ದಕ್ಷಿಣ ಕೇಂದ್ರವು ಬೆಂಗಳೂರಿನಲ್ಲಿದೆ. ಈ ಸಂಸ್ಥೆಯ ಡಿಪ್ಲೊಮಾ ಒಂದು ವರ್ಷದ್ದು. ಉದ್ಯೋಗದಲ್ಲಿರುವವರಿಗಾಗಿ ಆರು ವಾರಗಳ ಸರ್ಟಿಫಿಕೇಟು ಶಿಕ್ಷಣವೂ ನಡೆದುಬಂದಿದೆ. ಇವಲ್ಲದೆ, 1932ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಘ ಫೀಬಾದವರು ಶಿಕ್ಷಕರಿಗೆಂದೇ ಮೆಟ್ಟಲು ಮೆಟ್ಟಲಾಗಿ ಪಾಠಪುಸ್ತಕಗಳನ್ನು ಸಿದ್ಧಪಡಿಸಿರುವರು. ಅವು ಇಂಗ್ಲಿಷಿನಲ್ಲಿರುವುದರಿಂದ ನಮ್ಮ ಕಡೆಯ ಎಷ್ಟೋ ಮಾಸ್ತರರಿಗೆ ತೊಡಕಾಗುವುದು. ಊರಿನಲ್ಲಿ ಇಂಗ್ಲಿಷು ಬಲ್ಲ ಯಾರಾದರೂ ವಾರಕ್ಕೊಂದು ಸಂಜೆ ಜೊತೆಯಲ್ಲಿ ಕುಳಿತು ಓದಿ ಹೇಳಿದರೆ ಅದೂ ಒಂದು ಚಂದಾ ಕೊಟ್ಟಂತೆಯೇ.

ಪುಸ್ತಕದಿಂದ ಬಾರದುದು ನೋಡುವುದರಿಂದ ಬರುತ್ತದೆ. 2017ರ ಜುಲೈಯಲ್ಲಿ ಏಷ್ಯಾದ ಮಹಿಳೆಯರ ಪಂದ್ಯಾವಳಿಯು ಬೆಂಗಳೂರಿನಲ್ಲಿ ನಡೆದಾಗ ನಮ್ಮ ದೇಶದ ಹುಡುಗಿಯರು ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವರ್ಗಕ್ಕೆ ಏರಿದರು. ಅಂಥ ಪಂದ್ಯವನ್ನು ಜನರು ಅಂಕಕ್ಕಾಗಿ ನೋಡುವರು. ಮಾಸ್ತರರಾದವರು ನೋಡತಕ್ಕುದು, ಪಂದ್ಯಕ್ಕೆ ಮೊದಲು ತಂಡವನ್ನು ಹೇಗೆ ಸಜ್ಜುಗೊಳಿಸಿದರು, ಸೋಲುವಂತಿದ್ದಾಗ ಶಿಕ್ಷಕರು ಆಟಗಾರ್ತಿಯರೊಡನೆ ಎಷ್ಟು ಸಣ್ಣ ದನಿಯಲ್ಲಿ ಮಾತಾಡಿದರು, ಎಂಬುದನ್ನು. ಕಲ್ಲುಗುಂಡಿಯಿಂದ ಮಡಿಕೇರಿಯ ಮೇಲಾಗಿ ಬೆಂಗಳೂರಿಗೆ ಬಸ್ಸಿನ ಖರ್ಚು ಎಷ್ಟು ಮಹಾ?

ಆರು ವಾರಗಳ ಕಲಿಕೆಯ ಖರ್ಚು ಮಾತ್ರ ಬೇರೆ ಬಗೆಯದು. ಅದು ಸಾಮಾನ್ಯವಾಗಿ ಬೇಸಗೆಯ ರಜೆಯಲ್ಲಿ ನಡೆಯುವಂಥದು. ರಜೆಯೆಂದರೆ ಮದುವೆ, ಉಪನಯನಗಳ ಕಾಲ. ತೋಟಕ್ಕೆ ನೀರು ಹಾಯಿಸುವ ಕಾಲ. ಮಾಸ್ತರರು ಪಾಟಿಯಾಲಾಕ್ಕೇ ಹೋಗಬೇಕಾದರೆ ಎರಡು ಮೂರು ದಿನ ರೈಲಿನಲ್ಲಿ ಕುಳಿತು, ಉತ್ತರದ ಬಿಸಿಗಾಳಿಯಲ್ಲಿ, ಕುಚ್ಚಲಕ್ಕಿ ಗಂಜಿಯನ್ನು ಮರೆತು ರೊಟ್ಟಿ ತಿಂದುಕೊಂಡಿರಬೇಕು. ಮಹಿಳೆಯಾದರೆ ಕಷ್ಟ ಇಮ್ಮಡಿ. ಆಟ ಕಲಿಸುವ ಎಷ್ಟೋ ಉಪಾಧ್ಯಾಯಿನಿಯರು ಸರ್ಟಿಫಿಕೇಟು ಪಡೆಯದೆ ಉಳಿದಿರುವುದು ಬುದ್ಧಿ ಸಾಲದೆ ಅಲ್ಲ, ಆರು ವಾರ ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ. ಅಂಥ ಮನೆಯ ಅತ್ತೆಯವರೂ ಯಜಮಾನರೂ ನಮ್ಮ ಪತ್ರಿಕೆಯನ್ನು ಓದುವವರಾಗಿದ್ದರೆ, ಸೊಸೆಯು ಹೆರಿಗೆಗೆ ತವರಿಗೆ ಹೋದಾಗ ಮನೆ ನಡೆದುದನ್ನು ಒಮ್ಮೆ ನೆನೆಯಲಿ.

ಪತ್ರ ಬರೆದ ಗೃಹಸ್ಥರಿಗೆ ನಮ್ಮ ಸಲಹೆಯಿಷ್ಟು. ಕಾಂಕ್ರೀಟಿನ ಕೆಲಸವನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಳೆಯಲ್ಲಿ ತೆರೆದ ನೆಲದ ಮೇಲೆ ಆಟ ನಡೆಯುವುದೂ ಅಷ್ಟರಲ್ಲೇ ಇದೆ. ಈ ವರ್ಷಕ್ಕೆ ಒಂದೇ ಕಂಬ ಸಾಕು. ಅಡಿಕೆ ಎತ್ತಿದ ಮೇಲೆ ಯಾರದಾದರೂ ಸಿಮೆಂಟಿನ ಅಂಗಳದಲ್ಲಿ ಚೆಂಡು ಪುಟಿಸುವ ಅಭ್ಯಾಸ ನಡೆಯಲಿ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಬಳೆಯನ್ನು 3.05 ಮೀಟರಿಗೆ ಏರಿಸದೆ 2.60 ಮೀಟರಿನಲ್ಲೇ ಇಡಿಸಿ, ಐದನೆಯ ಅಳತೆಯ ಚಿಕ್ಕ ಚೆಂಡನ್ನೇ ಕೊಡಿಸಿ. ದೊಡ್ಡ ಚೆಂಡನ್ನು ಎತ್ತರದ ಬಳೆಗೆ ತಲಪಿಸಲು ಹೆಣಗುವ ಮಗುವಿಗೆ ಎಸೆತದ ರೀತಿಯೇ ಕೆಡುವುದು. ಉಳಿದ ಹಣವನ್ನು ಮಾಸ್ತರರ ಪ್ರಯಾಣಕ್ಕೂ ಶುಲ್ಕಕ್ಕೂ ತೆಗೆದಿರಿಸಿ, ಹಿಂದಿರುಗಿದ ಮೇಲೆ ಮೂರು ವರ್ಷವಾದರೂ ಇದೇ ಶಾಲೆಯಲ್ಲಿ ಕಲಿಸುವಂತೆ ಅವರಿಂದ ಒಪ್ಪಿಗೆಯನ್ನು ಪಡೆಯಿರಿ. ಅರ್ಜಿಯ ಕಾಲ ಯಾವುದೆಂಬುದನ್ನು ಬೆಂಗಳೂರಿನ ಕೇಂದ್ರಕ್ಕೆ ಬರೆದು ಈಗಲೇ ವಿಚಾರಿಸುವುದು ಒಳ್ಳೆಯದು. ಅಪ್ಪಣೆಗಾಗಿ ಮೇಲಿನವರಿಗೆ ಹೋದ ಕಾಗದವು ಹಿಂದಿರುಗಲು ಎಷ್ಟು ದಿನ ಹಿಡಿಯುವುದೆಂಬುದು ಎಲ್ಲರೂ ಬಲ್ಲ ವಿಷಯ.