ಎಡವೋ ಬಲವೋ?

ಆಸ್ಪತ್ರೆಯಿಂದ ಮನೆಗೆ ಬರುವಾಗ ಕೊಡುವ ಡಿಸ್ಚಾರ್ಜ್ ಕಾಗದವನ್ನು ನೀವು ಎಂದಾದರೂ ಪೂರ್ತಿ ಓದಿದ್ದೀರಾ? ಬಿಲ್ಲಿನ ಮೊತ್ತ ನೋಡಿ ಮಡಚಿಡುವವರೇ ನಮ್ಮಲ್ಲಿ ಹೆಚ್ಚು.

ಬಿ.ಟಿ.ಎಂ. ಲೇಔಟಿನ ಪರಿಚಿತರೊಬ್ಬರು ಒಂದು ಸಂಜೆ ಅಂಥ ಕಾಗದ ಹಿಡಿದು ಬಂದರು. ಅವರ ಮಗ ಸ್ಕೂಟರಿನಿಂದ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದ. ಕುತ್ತಿಗೆಯ ಕೆಳಗಿನಿಂದ ಭುಜದವರೆಗೆ ಅಡ್ಡಲಾಗಿರುವ ಎಲುಬು ಅದು. ಪ್ಲೇಟ್ ಹಾಕಿ ಆಪರೇಷನ್ ಮಾಡಿದ್ದರು. ಮುರಿದದ್ದು ಎಡಗಡೆ, ಕಾಗದದಲ್ಲಿದ್ದುದು ಬಲಗಡೆ! ವಿಮೆಯವರು ಅರ್ಜಿಯನ್ನು ಹಿಂದಿರುಗಿಸಿದ್ದರು.

“ಹಜ್ರತ್, ನಿಮ್ಮ ಅಕ್ಷರ ಚೆನ್ನಾಗಿದೆ. ‘ರೈಟ್’ ಹೊಡೆದು ‘ಲೆಫ್ಟ್’ ಎಂದು ಬರೆದುಕೊಡಿ. ಸುಳ್ಳೇನೂ ಅಲ್ಲವಲ್ಲ?” ಎಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೆಡಿಕಲ್ ಕೋಡಿಂಗ್ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನಿಗೆ ಫೋನ್ ಮಾಡಿದೆ. ವೈದ್ಯರು ಬರೆದುದನ್ನು ಸಂಕೇತಗಳಾಗಿ ಬದಲಿಸುವುದೇ ಅವನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 10ನೇ ಆವೃತ್ತಿಯಲ್ಲಿ ಕಾಲರ್ ಬೋನ್ ಮುರಿತದ ಸಂಕೇತ ಎಸ್42.0. ನಮ್ಮ ವಿಮಾ ಅರ್ಜಿಯಲ್ಲೂ ಇಂಥ ಸಂಕೇತಕ್ಕೆ ಜಾಗವಿದೆ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ಪಟ್ಟಿ ಇನ್ನೂ ಸೂಕ್ಷ್ಮ. ಎಲುಬಿನ ನಡುಭಾಗ ಮುರಿದು ತುಂಡುಗಳು ಸರಿದಿದ್ದರೆ ಬಲಕ್ಕೆ ಎಸ್42.021, ಎಡಕ್ಕೆ ಎಸ್42.022. ಕೊನೆಗೊಂದು ಅಕ್ಷರ: ಚರ್ಮ ಹರಿಯದ ಮುರಿತಕ್ಕೆ ಚಿಕಿತ್ಸೆ ನಡೆಯುವಾಗ ‘ಎ’, ಸರಿಯಾಗಿ ಕೂಡಿಕೊಳ್ಳುತ್ತಿರುವಾಗ ‘ಡಿ’, ಕೂಡದೇ ಉಳಿದರೆ ‘ಕೆ’.

“ಎಕ್ಸ್‌ರೇ ನೋಡಿ ನಾವೇ ತೀರ್ಮಾನಿಸುವಂತಿಲ್ಲ, ಉಸ್ತಾದ್. ಸಂಶಯವಿದ್ದರೆ ವೈದ್ಯರನ್ನೇ ಕೇಳಬೇಕು. ತಿದ್ದುವ ಹಕ್ಕು ಬರೆದವರಿಗೆ ಮಾತ್ರ” ಎಂದ.

ನನ್ನ ಉತ್ತರ ಅಲ್ಲಿತ್ತು. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಣ್ಣದೆಂದು ಬೇಸರಿಸಬಾರದು ಎಂದು ಅದು ಕಲಿಸುತ್ತದೆ. ಬರಹವೂ ಒಂದು ಅಮಾನತ್. ನಿಜವನ್ನೇ ಬರೆದರೂ ಇನ್ನೊಬ್ಬರ ಸಹಿಯ ಮೇಲೆ ನಾನು ಬರೆದರೆ ಅದು ವಂಚನೆಯೇ.

ಕಾಗದವನ್ನು ಮುಟ್ಟದೆ, ಆಸ್ಪತ್ರೆಗೆ ಒಂದು ಅರ್ಜಿ ಬರೆದುಕೊಟ್ಟೆ. ಎಕ್ಸ್‌ರೇ ಜೊತೆ ಅದನ್ನು ಕೊಟ್ಟಾಗ ವೈದ್ಯರೇ ತಿದ್ದಿ, ದಿನಾಂಕ, ಸಹಿ, ಮೊಹರು ಹಾಕಿದರು. ತಡವಾದರೂ ಹಣ ಬಂತು.

ಓದುಗ ಸಹೋದರ ಸಹೋದರಿಯರೇ, ಆಸ್ಪತ್ರೆ ಬಿಡುವ ಮುನ್ನ ಹೆಸರು, ವಯಸ್ಸು, ಎಡ-ಬಲ, ಪೆಟ್ಟಾದ ದಿನ ಮತ್ತು ಕಾರಣಗಳನ್ನು ಓದಿ ನೋಡಿ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ, ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ರಸ್ತೆಯಲ್ಲಿ ಬಿದ್ದುದನ್ನು ಮೆಟ್ಟಿಲಲ್ಲಿ ಬಿದ್ದದ್ದೆಂದು ಬರೆಸಲೂಬೇಡಿ. ನಾಳೆ ಇನ್ನೊಬ್ಬ ವೈದ್ಯರು ಆ ಕಾಗದವನ್ನು ನಂಬಿಯೇ ನಿಮ್ಮ ಮಗುವಿಗೆ ಚಿಕಿತ್ಸೆ ಮಾಡುತ್ತಾರೆ.